ಹನ್ನೊಂದು ಸೆಕೆಂಡು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಟಕಟಕ ಮೇಡಂ ಎಂದೇ ಕರೆಯುತ್ತಿದ್ದರು. ನಾಲ್ಕನೇ ಮಹಡಿಯ ಮೂಲೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಇಲಾಖೆಯ ವಿಚಾರಣೆಗಳ ವಿಡಿಯೋ ಕೇಳುತ್ತಾ ಅಲ್ಲಿನ ಒಂದೊಂದು ಮಾತನ್ನೂ ಟೈಪ್ ಮಾಡುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಮಾತನ್ನೂ ಬಿಟ್ಟವಳಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ಹಿಂದೆ ಟೇಪು ಇದ್ದಾಗ ಕಾಲಡಿ ಒಂದು ಪೆಡಲು ಇರುತ್ತಿತ್ತು. ಒತ್ತಿದರೆ ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ವಿಡಿಯೋ ಬಂದ ಮೇಲೆ ಪೆಡಲು ಹೋಯಿತು. ನಿಲ್ಲಿಸಲು ಮೌಸ್ ಹಿಡಿದು ವಾಪಸು ಕೀಲಿಗಳಿಗೆ ಕೈ ತರುವಷ್ಟರಲ್ಲಿ ಸಾಕ್ಷಿ ಹೇಳುವವರು ಎಲ್ಲಿಗೋ ಹೋಗಿರುತ್ತಿದ್ದರು. ದಿನಾ ಈ ಗೋಳು ಕೇಳಲಾರದೆ, ಪ್ರೋಗ್ರಾಂ ಬರೆಯುವುದೇ ಕಸುಬಾಗಿದ್ದ ಅವಳ ನಾದಿನಿ ಒಂದು ಭಾನುವಾರ ಊಟದ ಮೇಜಿನ ಮೇಲೆಯೇ ಕಂಪ್ಯೂಟರ್ ಹರವಿಕೊಂಡು ಅತ್ತಿಗೆಗೆಂದು ಪುಟ್ಟದೊಂದು ಪ್ರೋಗ್ರಾಂ ಬರೆದುಕೊಟ್ಟಳು. ಸ್ಪೇಸ್ ಕೀಲಿ ಒತ್ತಿದರೆ ವಿಡಿಯೋ ನಿಲ್ಲಬೇಕು, ಮತ್ತೆ ಒತ್ತಿದರೆ ಓಡಬೇಕು.

ಸೋಮವಾರ ಸಂಜೆ ನಾದಿನಿಗೆ ಫೋನ್ ಬಂತು.

“ನಿನ್ನ ಪ್ರೋಗ್ರಾಂ ತೊದಲುತ್ತೆ ಕಣೇ. ಒಂದು ಪದ ಹೇಳುತ್ತೆ, ನಿಲ್ಲುತ್ತೆ. ಸ್ಟಾಪು ಸ್ಟಾಪಿಗೂ ನಿಲ್ಲೋ ಬಸ್ಸು ಇದಕ್ಕಿಂತ ವಾಸಿ.”

“ಅದು ತೊದಲ್ತಿಲ್ಲ ಅತ್ತಿಗೆ. ನೀವು ಪದ ಪದಕ್ಕೂ ಸ್ಪೇಸ್ ಹೊಡೀತೀರಲ್ಲ, ಪ್ರತಿ ಸಲಾನೂ ನಿಲ್ಲಿಸು ಅಂದ್ರಿ ಅಂತ ತಿಳ್ಕೊಳ್ತಿದೆ. ತಪ್ಪು ನಂದೇ, ಬಿಡಿ.”

ಮರುದಿನ ಅಧಿಕಾರವನ್ನೆಲ್ಲ ಮೇಲಿನ ಸಾಲಿನ ಕೀಲಿಗಳಿಗೆ ವರ್ಗಾಯಿಸಲಾಯಿತು. ಎಫ್ ಎರಡು ಒತ್ತಿದರೆ ನಿಲುಗಡೆ, ಎಫ್ ಮೂರು ಒತ್ತಿದರೆ ಮೂರು ಸೆಕೆಂಡು ಹಿಂದಕ್ಕೆ. ಜೊತೆಗೆ ಕೇಳದೇ ಇದ್ದ ಒಂದು ಉಡುಗೊರೆಯೂ ಬಂತು. ಎಫ್ ನಾಲ್ಕು ಒತ್ತಿದರೆ, ಯಾರೂ ಮಾತಾಡದ ಜಾಗವನ್ನೆಲ್ಲ ದಾಟಿ ವಿಡಿಯೋ ಮುಂದಿನ ಮಾತಿಗೆ ಹಾರುತ್ತಿತ್ತು.

ಎಫ್ ನಾಲ್ಕನ್ನು ಅವಳು ಮನಸಾರೆ ಹಚ್ಚಿಕೊಂಡಳು. ವಿಚಾರಣೆಯೆಂದರೆ ಅರ್ಧಕ್ಕರ್ಧ ಕಾಗದ ತಿರುವುವುದು, ನೀರು ಕುಡಿಯುವುದು, ಕೆಮ್ಮುವುದು. “ಮೌನ ಬಂಗಾರ ಅಂತಾರೆ. ನನಗೆ ಬೇಡಪ್ಪ ಆ ಬಂಗಾರ” ಎಂದು ಪಕ್ಕದ ಕೋಣೆಯವರಿಗೆ ಹೇಳಿ ನಗುತ್ತಿದ್ದಳು. ಎರಡು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯತೊಡಗಿತು. ಚಿತ್ರ ನೋಡಿದರೆ ಗಮನ ಚದುರುತ್ತದೆಂದು ಅದನ್ನು ಅಂಚೆಚೀಟಿಯಷ್ಟು ಕಿರಿದು ಮಾಡಿ ಪರದೆಯ ಮೂಲೆಗೆ ತಳ್ಳಿದ್ದಳು. ಅವಳಿಗೆ ಬೇಕಾದದ್ದು ಮಾತು. ಮುಖ ಕಟ್ಟಿಕೊಂಡು ಅವಳಿಗೇನಾಗಬೇಕು?

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಲಿಫ್ಟಣ್ಣ ತನ್ನ ಹೇಳಿಕೆಗೆ ಸಹಿ ಹಾಕಲು ಬಂದ.

ಲಿಫ್ಟಣ್ಣ ಅದೇ ಕಟ್ಟಡದ ಲಿಫ್ಟ್ ನಡೆಸುವವನು. ಮಾತು ಬಲು ಕಡಿಮೆ. ಒಳಗೆ ಬಂದವರ ಮುಖ ನೋಡಿ ಬೆರಳು ಎತ್ತುತ್ತಿದ್ದ. ಎರಡು ಬೆರಳೆಂದರೆ ಎರಡನೇ ಮಹಡಿಯೇ ಎಂದು ಅರ್ಥ. ಅವಳು ಬಂದರೆ ನಾಲ್ಕು ಬೆರಳೆತ್ತುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಒಂಬತ್ತು ವರ್ಷ ಅವರಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ. ಹೋದ ತಿಂಗಳು ಬ್ರೇಕ್ ಹಿಡಿಯದೆ ಲಿಫ್ಟ್ ಅರ್ಧ ಮಹಡಿ ಕುಸಿದು ಒಬ್ಬ ಗುಮಾಸ್ತನ ಕಾಲು ಮುರಿದಿತ್ತು. ಬ್ರೇಕು ಸದ್ದು ಮಾಡುತ್ತಿದ್ದದ್ದು ಲಿಫ್ಟಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ತಿಳಿಸಿರಲಿಲ್ಲ ಎಂದಾದರೆ ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನು ಏಳೇ ತಿಂಗಳು.

ಅವನು ಹಾಳೆಗಳನ್ನು ನಿಧಾನವಾಗಿ ಓದಿ, ಆರನೆಯದರಲ್ಲಿ ಬೆರಳಿಟ್ಟು ನಿಂತ. ‘ಬ್ರೇಕಿನ ಸದ್ದಿನ ವಿಷಯ ಯಾರಿಗೆ ತಿಳಿಸಿದಿರಿ?’ ಎಂಬ ಪ್ರಶ್ನೆಯ ಕೆಳಗೆ ‘ಉತ್ತರವಿಲ್ಲ’ ಎಂದಿತ್ತು.

“ಇದು ಸರಿಯಿಲ್ಲ ಮೇಡಂ. ನಾನು ಉತ್ತರ ಕೊಟ್ಟಿದ್ದೆ.”

ಅವಳಿಗೆ ರೇಗಿತು. “ನೋಡಿ ಲಿಫ್ಟಣ್ಣ, ನೀವು ಉಸಿರೆತ್ತಿದ್ರೂ ನಾನು ಬರೆದಿರ್ತಿದ್ದೆ. ಬೇಕಾದ್ರೆ ನೀವೇ ಕೇಳಿ.”

ಹೆಡ್‌ಫೋನ್ ಕಿತ್ತು, ಇಬ್ಬರಿಗೂ ಕೇಳುವಂತೆ ವಿಡಿಯೋ ಹಾಕಿದಳು. ಯಾರಿಗೆ ತಿಳಿಸಿದಿರಿ ಎಂದು ವಿಚಾರಣಾಧಿಕಾರಿ ಕೇಳಿದರು. ರೂಢಿಯಾದ ಬೆರಳು ತಾನಾಗಿಯೇ ಎಫ್ ನಾಲ್ಕಕ್ಕೆ ಹೋಯಿತು. “ಆಯ್ತು, ಬಿಡಿ. ಎಷ್ಟು ವರ್ಷ ಸರ್ವಿಸು?” ಎಂಬ ಮುಂದಿನ ಪ್ರಶ್ನೆ ಕೇಳಿಸಿತು. ಅವಳು ವಿಡಿಯೋ ನಿಲ್ಲಿಸಿದಳು.

“ನೋಡಿದ್ರಾ?”

“ಮಧ್ಯೆ ಏನೋ ಹಾರಿಹೋಯ್ತಲ್ಲ ಮೇಡಂ.”

“ಅಲ್ಲೇನೂ ಇಲ್ಲ. ಬರೀ ಮೌನ.”

“ನಾನಿರೋದು ಅಲ್ಲೇ” ಎಂದ ಅವನು.

ಅವನ ಬಾಯಿ ಮುಚ್ಚಿಸಲೆಂದೇ ಅವಳು ಎಫ್ ಮೂರನ್ನು ಐದಾರು ಸಲ ಒತ್ತಿ, ಅಂಚೆಚೀಟಿಯನ್ನು ಎಳೆದು ಪರದೆ ತುಂಬ ಮಾಡಿದಳು. ಲಿಫ್ಟಣ್ಣ ನಿಂತಿದ್ದ. ಅಧಿಕಾರಿ ತಲೆ ಬಗ್ಗಿಸಿ ಯಾವುದೋ ಕಾಗದ ಹುಡುಕುತ್ತಿದ್ದರು. ಚಿತ್ರದ ಬಲ ಅಂಚಿನಲ್ಲಿ ಯಾರದೋ ಮೊಣಕಾಲು, ಕಾಲ ಮೇಲೆ ಕಾಲು ಹಾಕಿಕೊಂಡು ಅಲ್ಲಾಡಿಸುತ್ತಿದ್ದ ಪಾಲಿಷ್ ಬೂಟು. ಲಿಫ್ಟಣ್ಣ ಒಮ್ಮೆ ಅತ್ತ ನೋಡಿದ. ಆಮೇಲೆ, ದಿನಾ ಮಹಡಿ ಕೇಳುವ ಹಾಗೆಯೇ, ಕೈ ಎತ್ತಿ ಬೂಟಿನ ಕಡೆಗೆ ಒಂದೇ ಬೆರಳು ತೋರಿಸಿದ. ಅಲ್ಲಾಡುತ್ತಿದ್ದ ಬೂಟು ನಿಂತಿತು. ಕೈ ಕೆಳಗಿಳಿಯಿತು. ಅಧಿಕಾರಿ ತಲೆಯೆತ್ತಿ, ಆಯ್ತು ಬಿಡಿ ಎಂದರು.

ಅವಳಿಗೆ ಗುರುತು ಹತ್ತಿತು. ಆ ಬೂಟು ಕಟ್ಟಡದ ಮೇಲ್ವಿಚಾರಕನದು. ಅವನ ಕೋಣೆ ಎದುರಿಗೇ ಇತ್ತು, ವರ್ಷಕ್ಕೊಮ್ಮೆ ಅವಳ ಕೆಲಸದ ಬಗ್ಗೆ ವರದಿ ಬರೆಯುವವನೂ ಅವನೇ.

“ಬಾಯಿಬಿಟ್ಟು ಹೇಳ್ಬಾರ್ದಿತ್ತಾ?” ಎಂದಳು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ಅವರು ಅಲ್ಲೇ ಕೂತಿದ್ರು ಮೇಡಂ. ನಾಲಿಗೆ ಏಳಲಿಲ್ಲ. ಕೈಯಾದ್ರೂ ಎದ್ದಿತಲ್ಲ.”

ಪೆಡಲಿನ ಕಾಲದಿಂದಲೂ ಗೋಡೆಗೆ ಅಂಟಿಸಿದ್ದ ನಿಯಮದಲ್ಲಿ ‘ಕೇಳಿದ್ದನ್ನು ಕೇಳಿದಂತೆ ಬರೆಯತಕ್ಕದ್ದು’ ಎಂದಿತ್ತು. ಕಂಡದ್ದರ ಬಗ್ಗೆ ಅದರಲ್ಲಿ ಚಕಾರವಿಲ್ಲ. ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದುಬಿಟ್ಟರೆ ಯಾರೂ ಅವಳನ್ನು ಕೇಳುವಂತಿರಲಿಲ್ಲ. ಎದುರಿನ ಬಾಗಿಲನ್ನು ಒಮ್ಮೆ ನೋಡಿದಳು. ಹೆದರಿಕೆಯಾಗಿದ್ದು ನಿಜ. ಆದರೆ ಒಂಬತ್ತು ವರ್ಷ ಈ ಮನುಷ್ಯ ಬೆರಳಿನಲ್ಲೇ ಮಾತಾಡಿದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಉತ್ತರವನ್ನು ಕಿವಿಯಿಂದ ಹುಡುಕಿದ್ದಳು. ನಾಚಿಕೆ ಹೆದರಿಕೆಗಿಂತ ದೊಡ್ಡದಾಯಿತು.

‘ಉತ್ತರವಿಲ್ಲ’ ಎಂಬುದನ್ನು ಅಳಿಸಿ, ಟಕಟಕ ಸದ್ದಿಲ್ಲದೆ ಒಂದೊಂದೇ ಅಕ್ಷರ ಒತ್ತಿದಳು: ‘ಹನ್ನೊಂದು ಸೆಕೆಂಡು ಮಾತಿಲ್ಲ. ಸಾಕ್ಷಿ ಕೈ ಎತ್ತಿ ಬಲಗಡೆ ಕುಳಿತಿದ್ದ ಮೇಲ್ವಿಚಾರಕರನ್ನು ತೋರಿಸುತ್ತಾರೆ.’ ಹಾಳೆಯನ್ನು ಮತ್ತೆ ಮುದ್ರಿಸಿ, ಆ ಸಾಲಿನ ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದಳು.

ಲಿಫ್ಟಣ್ಣ ಓದಿ ನೋಡಿ, “ಹನ್ನೊಂದೇನಾ ಮೇಡಂ? ನನಗೆ ಒಂದು ಗಂಟೆ ಆದಂಗಿತ್ತು” ಎಂದ. ಆಮೇಲೆ ಸಹಿ ಹಾಕಿದ.

ಮಧ್ಯಾಹ್ನ ವಿಚಾರಣಾಧಿಕಾರಿ ಬಂದು ವಿಡಿಯೋವನ್ನು ಮೂರು ಸಲ ನೋಡಿ, ಹಾಳೆ ಒಯ್ದರು. ಸಂಜೆಯ ಹೊತ್ತಿಗೆ ಮೇಲ್ವಿಚಾರಕನಿಗೆ ಹೇಳಿಕೆ ಕೊಡಲು ಬರುವಂತೆ ನೋಟಿಸು ಹೋಯಿತು. ಲಿಫ್ಟಣ್ಣನ ಕೆಲಸ ಉಳಿಯಬಹುದು ಎಂದು ಎಲ್ಲರೂ ಮಾತಾಡಿಕೊಂಡರು. ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ. ನಾದಿನಿಗೆ ಫೋನ್ ಮಾಡಿದಳು.

“ಆ ಎಫ್ ನಾಲ್ಕು ತೆಗೆದುಬಿಡು.”

“ಯಾಕೆ ಅತ್ತಿಗೆ, ಕೆಟ್ಟಿದೆಯಾ? ಅದರ ಬದಲು ಇನ್ನೇನು ಮಾಡಿಸ್ಲಿ?”

“ಏನೂ ಮಾಡೋದು ಬೇಡ. ಸುಮ್ನೆ ಇರ್ಲಿ ಅದು.”

ನಾಲ್ಕು ತಿಂಗಳಲ್ಲಿ ಎಫ್ ನಾಲ್ಕು ಒತ್ತಿ ಮುಗಿಸಿದ ವಿಚಾರಣೆಗಳು ಮೂವತ್ತೇಳು. ಕೆಲವಕ್ಕೆ ಆಗಲೇ ಆದೇಶವಾಗಿತ್ತು, ಒಂದಿಬ್ಬರು ಕೆಲಸ ಬಿಟ್ಟೂ ಹೋಗಿದ್ದರು. ಅವಳು ಮೊದಲನೆಯದನ್ನು ತೆರೆದು, ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದಳು. ಕಸ ಗುಡಿಸುವ ಹೆಂಗಸೊಬ್ಬಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪ್ರಶ್ನೆ ಕೇಳಿದರು. ಹೆಂಗಸು ಮಾತಾಡಲಿಲ್ಲ. ಟಕಟಕ ಮೇಡಂ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವಳ ಮುಖ ನೋಡುತ್ತಾ ಕಾದಳು.