ಕೊನೆಗೆ ಬಂದ ಮೊದಲ ಪುಟ

"ಬಸ್ಸಿನ ಬ್ರೇಕು ಕೆಟ್ಟಿತ್ತೋ, ಇಲ್ಲ ನಿಮ್ಮಣ್ಣ ನಿದ್ದೆ ಹೋಗಿದ್ದನೋ?" ಎಂದು ನ್ಯಾಯಾಧೀಶರು ಕೇಳಿದರು. ಕಟಕಟೆಯಲ್ಲಿ ನಿಂತಿದ್ದ ಕಂಡಕ್ಟರಮ್ಮ ಜೇಬಿನೊಳಗೆ ಕೈ ಹಾಕಿ, ಬರಿ ಬೆರಳಲ್ಲೇ, ಇಲ್ಲದ ಟಿಕೆಟ್ಟಿಗೆ ತೂತು ಹೊಡೆದಳು. ಆಮೇಲೆ ತಲೆ ಎತ್ತಿ ಅವಳು ಹೇಳಿದ್ದು... ಅಲ್ಲಿಗೆ ಪುಟ ಮುಗಿದುಹೋಯಿತು.

ಓದುತ್ತಿದ್ದ ಅಕ್ಕ ಹಾಳೆಗಳನ್ನು ಕೆಳಗಿಟ್ಟಳು. ಉದ್ದನೆಯ ಮೇಜಿನ ಎರಡೂ ಬದಿಗೆ ಕೂತ ಹನ್ನೊಂದು ಹೆಂಗಸರ ಕೈಗಳು ನಿಂತಿದ್ದವು. ಮಡಿಕೆ ಕೂರಲೆಂದು ಕಾಗದದ ಮೇಲೆ ಮರದ ಪಟ್ಟಿ ಎಳೆಯುವ ಸರ್ರನೆ ಸದ್ದು ದಿನವಿಡೀ ಕೇಳುವ ಆ ಕೋಣೆಯಲ್ಲಿ ಈಗ ಫ್ಯಾನಿನ ಸದ್ದೊಂದೇ ಇತ್ತು.

"ಏನಂದ್ಳು?" ಎಂದಳು ಒಬ್ಬಳು.

"ನಂಗೇನೇ ಗೊತ್ತು? ಮುಂದಿನ ಫಾರಂ ಇನ್ನೂ ಅಚ್ಚಾಗಿಲ್ಲ," ಎಂದಳು ಅಕ್ಕ. ಹಾಳೆಗಳ ಅಂಚನ್ನು ಅವಳು ಸುಮ್ಮಸುಮ್ಮನೆ ಸರಿಮಾಡಿದಳು. ಅದಕ್ಕೆ ಕಾರಣ ಕಥೆಯಷ್ಟೇ ಅಲ್ಲ ಎಂಬುದು ಅಲ್ಲಿ ಯಾರಿಗೂ ತಿಳಿಯದು.

ಅದು ಪುಸ್ತಕ ಕಟ್ಟುವ ಕಾರ್ಖಾನೆಯ ಮಡಿಕೆ ಕೋಣೆ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಂ ಎಂದು ಹೆಸರು. ಪಕ್ಕದ ಮುದ್ರಣಾಲಯದಿಂದ ದಿನಕ್ಕೊಂದು ಫಾರಂ ಬರುತ್ತದೆ, ಸಾವಿರಗಟ್ಟಲೆ. ಒಬ್ಬಳು ಅದನ್ನು ಗಟ್ಟಿಯಾಗಿ ಓದುವುದು, ಅವಳ ಪಾಲಿನ ಹಾಳೆಗಳನ್ನು ಉಳಿದವರು ಹಂಚಿಕೊಂಡು ಮಡಿಸುವುದು, ಇದು ಅಲ್ಲಿನ ವಾಡಿಕೆ. ಇಪ್ಪತ್ತೆರಡು ವರ್ಷದಿಂದ ಓದುತ್ತಿರುವುದು ಈ ಅಕ್ಕನೇ. ಕಥೆ ಹೇಗಿದೆ ಎಂದು ಅವಳು ಯಾರನ್ನೂ ಕೇಳುವುದಿಲ್ಲ. ಬೇಸರವಾದರೆ ಕೈಗಳು ಚುರುಕಾಗುತ್ತವೆ, ಹಿಡಿಸಿದರೆ ನಿಧಾನವಾಗುತ್ತವೆ. ತೀರಾ ಮನಸ್ಸಿಗೆ ತಾಗಿದಾಗ ನಿಲ್ಲುತ್ತವೆ. ಹಾಗೆ ನಿಂತ ಪುಸ್ತಕಗಳನ್ನು ಅವಳು ಒಂದು ಕೈಯ ಬೆರಳುಗಳಲ್ಲಿ ಎಣಿಸಬಲ್ಲಳು. ಹೆಸರಾಂತ ಎಷ್ಟೋ ಪುಸ್ತಕಗಳು ಆ ಮೇಜಿನ ಮೇಲೆ ಭರಭರನೆ ಮಡಿಸಿಕೊಂಡು ಹೋಗಿವೆ.

ಈಗ ಓದುತ್ತಿದ್ದದ್ದು ಅವಳ ಮಗಳ ಮೊದಲ ಕಾದಂಬರಿ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂಬುದಷ್ಟೇ ಇವರಿಗೆ ಗೊತ್ತು. ಪುಸ್ತಕದ ಹೆಸರು, ಬರೆದವರ ಹೆಸರು ಇರುವ ಮೊದಲ ಪುಟಗಳ ಫಾರಂ ಎಲ್ಲಕ್ಕಿಂತ ಕೊನೆಗೆ ಅಚ್ಚಾಗುವುದರಿಂದ ಗುಟ್ಟು ತಾನಾಗಿಯೇ ಉಳಿದಿತ್ತು. ಅಕ್ಕನೂ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದರೆ ಈ ಹೆಂಗಸರು ಪ್ರೀತಿಗೆ ಕೈ ನಿಲ್ಲಿಸಿಯಾರು, ಆಗ ಕಥೆ ನಿಜಕ್ಕೂ ಹೇಗಿದೆ ಎಂದು ತಿಳಿಯುವುದಾದರೂ ಹೇಗೆ? ಅವಳಿಗೆ ಅದು ತಿಳಿಯಲೇಬೇಕಿತ್ತು.

ವರ್ಷದ ಹಿಂದೆ ಮಗಳು ಮೊದಲ ಬರಹವನ್ನು ತಂದು ಓದಿಸಿದ್ದಳು. ಮೊದಲ ಎರಡು ಪುಟ ಬರೀ ಸೂರ್ಯೋದಯ. ಮೂರನೆಯದರಲ್ಲೇ ಅಣ್ಣ ನಿದ್ದೆ ಹೋಗಿ ಬಸ್ಸು ಉರುಳಿಸಿದ ಸಂಗತಿ, ಅದರ ಹಿಂದೆಯೇ ತಂಗಿಗೆ ಎಷ್ಟು ಭಯವಾಯಿತು, ಎಷ್ಟು ದುಃಖವಾಯಿತು ಎಂಬುದರ ವಿವರ. ಅಕ್ಕ ಪೂರ್ತಿ ಓದಿ, "ಎಲ್ಲಾ ನೀನೇ ಹೇಳಿಬಿಟ್ಟಿದ್ದೀಯಲ್ಲೇ. ಕೂತು ಕೇಳೋರಿಗೆ ಏನು ಉಳಿಸಿದ್ದೀಯ? ಇದಕ್ಕೆ ಯಾರ ಕೈಯೂ ನಿಲ್ಲಲ್ಲ," ಎಂದುಬಿಟ್ಟಿದ್ದಳು. ಮಗಳ ಮುಖ ಸಪ್ಪಗಾಗಿತ್ತು. ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ರಜೆಯ ದಿನಗಳಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿ ಬರತೊಡಗಿದಳು. ಏನು ಬರೆದಳು, ಹೇಗೆ ತಿದ್ದಿದಳು, ಒಂದು ಸಾಲನ್ನೂ ತಾಯಿಗೆ ತೋರಿಸಲಿಲ್ಲ. ನಾಲಿಗೆ ಕಚ್ಚಿಕೊಳ್ಳಬೇಕಿತ್ತು ಎಂದು ಅಕ್ಕ ಎಷ್ಟೋ ಸಲ ಅಂದುಕೊಂಡಿದ್ದುಂಟು.

ಮೇಜಿನ ಸುತ್ತ ಈಗ ಜಗಳವೇ ಶುರುವಾಗಿತ್ತು. ಒಡಹುಟ್ಟಿದವನನ್ನು ಜೈಲಿಗೆ ಕಳಿಸುವ ತಂಗಿ ಎಲ್ಲಾದರೂ ಇದ್ದಾಳೆಯೇ ಎಂದು ಒಂದು ಬದಿ, ಬಸ್ಸು ಉರುಳಿ ಸತ್ತ ಮೂವರು ಯಾರ ಮನೆಯವರೂ ಅಲ್ಲವೇ ಎಂದು ಇನ್ನೊಂದು ಬದಿ. ತೀರ್ಪಿಗೆ ಎಲ್ಲರೂ ಹೆಡ್‌ಮಿಸ್ಸಿನ ಕಡೆ ತಿರುಗಿದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಆ ಮುದುಕಿ, ಬಂದ ಪುಸ್ತಕಕ್ಕೆಲ್ಲ ಪಾಸು ಫೇಲು ಹೇಳಿ ಹೇಳಿ ಆ ಅಡ್ಡಹೆಸರು ಸಂಪಾದಿಸಿದ್ದಳು.

"ನಿಜಾನೇ ಹೇಳ್ತಾಳೆ," ಎಂದಳು ಹೆಡ್‌ಮಿಸ್ಸು. "ಸುಳ್ಳು ಹೇಳೋವಾಗೆಲ್ಲ ಕೈ ಸುಮ್ಮನಿರ್ತಿತ್ತು, ನೋಡ್ಲಿಲ್ವಾ? ನಿಜ ಹೇಳೋಕೆ ಮುಂಚೆ ಮಾತ್ರ ತೂತು ಹೊಡೀತಾಳೆ. ಎರಡನೇ ಫಾರಮ್ಮಿಂದ ನೋಡ್ತಾ ಇದೀನಿ."

ಅಕ್ಕ ತಲೆ ತಗ್ಗಿಸಿ ನಗು ನುಂಗಿಕೊಂಡಳು. ಓದಿದ ಅವಳ ಕಣ್ಣಿಗೇ ಅದು ಬಿದ್ದಿರಲಿಲ್ಲ. ಭಯ, ದುಃಖ ಎಂದು ಪುಟಗಟ್ಟಲೆ ಬರೆದಿದ್ದ ಹುಡುಗಿ ಈಗ ಎರಡು ಬೆರಳಲ್ಲಿ ಎಲ್ಲವನ್ನೂ ಮುಗಿಸಿದ್ದಳು. ಪುಟ ಎಲ್ಲಿ ತುಂಡಾಗುತ್ತದೆ ಎಂಬುದು ಬರೆಯುವವರ ಕೈಯಲ್ಲಿಲ್ಲ. ಎಲ್ಲಿ ತುಂಡಾದರೂ ಕೇಳುವವರು ಕಾಯಲೇಬೇಕು, ಹಾಗೆ ಬರೆದಿದ್ದಳು.

ಗಲಾಟೆ ಕೇಳಿ ಮೇಲ್ವಿಚಾರಕ ಬಾಗಿಲಿಗೆ ಬಂದ. ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಕೈ ನಿಲ್ಲಿಸಿದರೆ ಓದನ್ನೇ ನಿಲ್ಲಿಸುವೆ ಎಂದು ಗದರಿಸಿ, ಎರಡು ಹೆಜ್ಜೆ ಹೋದವನು ತಿರುಗಿ ನಿಂತು, "ಬ್ರೇಕ್ ಕೆಟ್ಟಿತ್ತಾ ಹಂಗಾದ್ರೆ?" ಎಂದ. ಹೆಂಗಸರು ಬಿದ್ದೂ ಬಿದ್ದೂ ನಕ್ಕರು. ಇಷ್ಟು ದಿನ ಬಾಗಿಲ ಹಿಂದೆ ನಿಂತು ಅವನು ಸಮಯ ನೋಡುತ್ತಿದ್ದಾನೆ ಎಂದೇ ಅವರು ತಿಳಿದಿದ್ದರು.

ಸಂಜೆ ಊಟಕ್ಕೆ ಕೂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಕಂಡಕ್ಟರಮ್ಮ ಕೋರ್ಟಿನಲ್ಲಿ ಏನು ಹೇಳುತ್ತಾಳೆ ಎಂದು ಮಗಳನ್ನು ಕೇಳಿಯೇಬಿಟ್ಟಳು.

"ಫಾರಂ ಬರ್ಲಿ ಅಮ್ಮ," ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ. ಅನ್ನ ಕಲಸುತ್ತಾ ಮೆಲ್ಲಗೆ, "ಕೈಗಳು ನಿಂತ್ವಾ?" ಎಂದು ಕೇಳಿದಳು.

"ಫ್ಯಾನ್ ಸದ್ದು ಕೇಳಿಸ್ತು," ಎಂದಳು ಅಕ್ಕ.

ಮಗಳು ಎದ್ದು ಕೈ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಅಲ್ಲೇ ನಿಂತಿದ್ದಳು.

ಮಾರನೆಯ ದಿನ ಮಧ್ಯಾಹ್ನ ಬರಬೇಕಿದ್ದ, ಕಥೆಯ ಕೊನೆಯ ಫಾರಮ್ಮಿನ ಕಟ್ಟನ್ನು ಗಡಿಯಾರ ಬೆಳಿಗ್ಗೆಯೇ ತಾನೇ ಹೆಗಲ ಮೇಲೆ ಹೊತ್ತು ತಂದ. ಶಾಯಿ ಇನ್ನೂ ಪೂರ್ತಿ ಆರಿರಲಿಲ್ಲ. ಅಕ್ಕ ಓದಿದಳು: "ಬ್ರೇಕು ಸರಿಯಾಗಿಯೇ ಇತ್ತು ಸ್ವಾಮಿ. ನಮ್ಮಣ್ಣ ನಿದ್ದೆ ಹೋಗಿದ್ದ. ಎರಡು ರಾತ್ರಿ ಅವನು ಕಣ್ಣು ಮುಚ್ಚಿಲ್ಲ ಎಂದು ಗೊತ್ತಿದ್ದೂ, ಬಸ್ಸು ಹೊರಡಲಿ ಎಂದು ಸೀಟಿ ಊದಿದವಳು ನಾನು."

ಆ ಸೀಟಿಯ ಮಾತನ್ನು ಯಾರೂ ಊಹಿಸಿರಲಿಲ್ಲ, ಹೆಡ್‌ಮಿಸ್ಸು ಕೂಡ. ಅಕ್ಕನಿಗೆ ಮುಂದಿನ ಸಾಲು ಮಂಜಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೊನೆಯವರೆಗೂ ಓದಿದಳು. ಓದು ಮುಗಿದರೂ ಮೇಜಿನ ಮೇಲೆ ಕೈಗಳು ಅಲ್ಲಾಡಲಿಲ್ಲ. ಬಾಗಿಲಲ್ಲಿದ್ದ ಗಡಿಯಾರ ಯಾರನ್ನೂ ಗದರಿಸಲಿಲ್ಲ.

"ಪಾಸು," ಎಂದಳು ಹೆಡ್‌ಮಿಸ್ಸು. "ಬರೆದೋರು ಯಾರೇ ಆಗ್ಲಿ, ಬಸ್ಸಲ್ಲಿ ದುಡಿದೋರೇ."

ಅಲ್ಲ, ನನ್ನ ಮಗಳು ಎಂಬ ಮಾತು ಅಕ್ಕನ ತುದಿನಾಲಿಗೆಗೆ ಬಂದಿತ್ತು. ಹೆಮ್ಮೆ ತಡೆದುಕೊಳ್ಳುವುದು ಇಷ್ಟು ಕಷ್ಟ ಎಂದು ಅವಳಿಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ.

ಮೂರು ದಿನ ಬಿಟ್ಟು ಹೆಸರಿನ ಫಾರಂ ಬಂತು. ಅದನ್ನು ಯಾರೂ ಓದಿಸುವುದಿಲ್ಲ, ಅದರಲ್ಲಿ ಕಥೆ ಇರುವುದಿಲ್ಲವಲ್ಲ. ಅಕ್ಕ ಸುಮ್ಮನೆ ತನ್ನ ಪಾಲಿನ ಹಾಳೆಗಳನ್ನು ಎಳೆದುಕೊಂಡು ಮಡಿಸತೊಡಗಿದಳು.

"ಇದನ್ನೂ ಓದೇ. ಯಾರು ಬರೆದಿದ್ದು ಅಂತ ಗೊತ್ತಾಗ್ಲಿ," ಎಂದಳು ಹೆಡ್‌ಮಿಸ್ಸು.

ಅಕ್ಕ ಪುಸ್ತಕದ ಹೆಸರು ಓದಿದಳು. ಕೆಳಗಿನ ಸಾಲಿನಲ್ಲಿ ಮಗಳ ಹೆಸರಿತ್ತು, ಅದರ ಮುಂದೆ ಇನಿಷಿಯಲ್ಲಾಗಿ ಅಕ್ಕನ ಹೆಸರಿನ ಮೊದಲಕ್ಷರ. ಅದು ಅಲ್ಲಿರುತ್ತದೆ ಎಂದು ಮಗಳು ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಓದಿದ ಬಾಯಿಗೆ ಆ ಒಂದು ಸಾಲು ಬರಲಿಲ್ಲ. ಹಾಳೆಯನ್ನು ಮೇಜಿನಾಚೆ ಚಾಚಿದಳು.

ಹೆಡ್‌ಮಿಸ್ಸು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ತನ್ನಷ್ಟಕ್ಕೆ ಓದಿಕೊಂಡಳು. ಅಕ್ಕನ ಮುಖ ನೋಡಿದಳು. ಒಂದೊಂದಾಗಿ ಎಲ್ಲರ ಪಟ್ಟಿಗಳೂ ನಿಂತವು. ಮುದುಕಿ ಮೇಜಿನ ಅಂಚು ಹಿಡಿದು, ಸೊಂಟ ಬಗ್ಗಿಸಿ, ಮೇಜಿನ ಕೆಳಗೆ ಇಣುಕಿದಳು. ಅಕ್ಕನ ಮಗಳು ಚಿಕ್ಕವಳಿದ್ದಾಗ ಚೂರು ಕಾಗದಗಳ ರಾಶಿಯಲ್ಲಿ ಕೂತು, ಕಥೆ ಕೇಳುತ್ತಾ ದಿನ ಕಳೆಯುತ್ತಿದ್ದ ಜಾಗ ಅದು. ಈಗ ಅಲ್ಲಿ ಚೂರು ಕಾಗದ ಮಾತ್ರ ಇತ್ತು. ಆಗೆಲ್ಲ ಸಂಜೆ ಮನೆಗೆ ಹೊರಡುವಾಗ ಅವಳನ್ನು ಕರೆಯುತ್ತಿದ್ದ ಹಾಗೆಯೇ, ಹೆಡ್‌ಮಿಸ್ಸು ಆ ಹೆಸರು ಹಿಡಿದು ಗಟ್ಟಿಯಾಗಿ ಕರೆದಳು.