ಇಲ್ಲದವಳ ಚಪ್ಪಲಿ

ಆ ಮಹಾನಗರದ ಶಾಪಿಂಗ್ ಮಾಲುಗಳನ್ನು ಅವನಷ್ಟು ಬಲ್ಲವರು ಇನ್ನೊಬ್ಬರು ಇರಲಿಕ್ಕಿಲ್ಲ. ಊರಿಗೆ ಬಂದ ನೆಂಟರಿಗೆ ಯಾವುದನ್ನು ತೋರಿಸಬೇಕು ಎಂದು ಯಾರಾದರೂ ಕೇಳಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಕೇಳುವವರು ಇರಲಿಲ್ಲ, ಅದು ಬೇರೆ ಮಾತು. ನದಿ ದಂಡೆಯ ಮಾಲು ನೋಡುವುದಕ್ಕೇನೋ ಚೆಂದ, ಆದರೆ ಕೂರಲು ಒಂದು ಬೆಂಚೂ ಇಲ್ಲ, ಕೂತವರು ಕೊಳ್ಳುವುದಿಲ್ಲವಲ್ಲ! ಹೊಸ ಬಡಾವಣೆಯದರಲ್ಲಿ ಎಸ್ಕಲೇಟರುಗಳನ್ನು ಬೇಕೆಂದೇ ಮೂಲೆಗೊಂದರಂತೆ ಇಟ್ಟಿದ್ದಾರೆ, ಹತ್ತಿದವನು ಇಳಿಯಬೇಕಾದರೆ ಅರ್ಧ ಅಂಗಡಿಗಳ ಮುಂದೆ ಮೆರವಣಿಗೆ ಹೋಗಬೇಕು. ರೈಲು ನಿಲ್ದಾಣದ ನೆಲಮಾಳಿಗೆಯ ಮಳಿಗೆಗಳಲ್ಲಿ ಹಗಲು ಯಾವುದು ಸಂಜೆ ಯಾವುದು ತಿಳಿಯುವುದಿಲ್ಲ. ಅವನ ಮನಸ್ಸಿಗೆ ಹಿಡಿಸಿದ್ದೆಂದರೆ ಹಳೇ ಪೇಟೆಯ ಆರ್ಕೇಡು ಒಂದೇ. ಎರಡು ರಸ್ತೆಗಳ ನಡುವೆ ಉದ್ದಕ್ಕೆ ಹಾಸಿದ ಓಣಿ, ಮೇಲೆ ಗಾಜಿನ ಚಾವಣಿ, ಎರಡೂ ಬದಿಗೆ ಮರದ ಬಾಗಿಲಿನ ಅಂಗಡಿಗಳು. ಮಧ್ಯಾಹ್ನದ ಬಿಸಿಲು ಅಲ್ಲಿ ಸೋಸಿಕೊಂಡು ಬೀಳುತ್ತಿತ್ತು.

ಅವನ ಕೆಲಸಕ್ಕೆ ಆಫೀಸಿನಲ್ಲಿ ಒಂದು ಗಂಭೀರವಾದ ಹೆಸರಿತ್ತು: ಗುಣಮಟ್ಟ ಪರೀಕ್ಷಕ. ಅವನು ಮಾತ್ರ ತನ್ನನ್ನು ಸುಳ್ಳು ಗಿರಾಕಿ ಎಂದುಕೊಳ್ಳುತ್ತಿದ್ದ. ದೊಡ್ಡ ಕಂಪನಿಗಳು ತಮ್ಮ ಮಳಿಗೆಗಳಲ್ಲಿ ನೌಕರರು ಹೇಗೆ ನಡೆದುಕೊಳ್ಳುತ್ತಾರೆ ಎಂದು ತಿಳಿಯಲು ಇಂಥವರನ್ನು ಕಳಿಸುತ್ತವೆ. ಕೊಳ್ಳುವವನ ಹಾಗೆ ಒಳಗೆ ಹೋಗಬೇಕು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಜೇಬಿನಲ್ಲಿ ರೆಕಾರ್ಡರ್ ಓಡುತ್ತಿರಬೇಕು. ನಗುಮುಖದಿಂದ ಸ್ವಾಗತಿಸಿದರೆ ಅಂಕ, ಕೇಳದ ಇನ್ನೊಂದು ವಸ್ತುವನ್ನು ತೋರಿಸಿದರೆ ಅಂಕ, ಮೆಂಬರ್‌ಶಿಪ್ ಕಾರ್ಡಿನ ಮಾತೆತ್ತಿದರೆ ಅಂಕ. ಒಬ್ಬನೇ ಪರೀಕ್ಷಕ ವರ್ಷದೊಳಗೆ ಅದೇ ಅಂಗಡಿಗೆ ಮತ್ತೆ ಕಾಲಿಡಬಾರದು. ಮುಖ ಗುರುತಾಗಿಬಿಟ್ಟರೆ ಇಡೀ ಆಟವೇ ಹಳ್ಳ ಹಿಡಿಯುತ್ತದೆ.

ಹೀಗೆ ಹೋಗುವವನಿಗೆ ಒಂದು ಕಥೆ ಬೇಕು. ಗಂಡಸು ಒಂಟಿಯಾಗಿ ಬಟ್ಟೆ, ಪಾತ್ರೆ, ಚಪ್ಪಲಿ ಅಂಗಡಿಗಳನ್ನು ಸುತ್ತಿದರೆ ಯಾರಾದರೂ ಹುಬ್ಬೇರಿಸುತ್ತಾರೆ. ಅದಕ್ಕೇ ಅವನು ಒಬ್ಬ ಹೆಂಡತಿಯನ್ನು ಇಟ್ಟುಕೊಂಡಿದ್ದ. ನಿಜದಲ್ಲಿ ಅವನಿಗೆ ಮದುವೆಯಾಗಿರಲಿಲ್ಲ. ಕಾಲವೂ ಮೀರಿತ್ತು, ತಲೆಗೂದಲೂ ಹಿಂದೆ ಸರಿದಿತ್ತು. ಆದರೆ ಅಂಗಡಿಗಳಲ್ಲಿ ಅವನಷ್ಟು ಮುತುವರ್ಜಿಯ ಗಂಡನನ್ನು ಹುಡುಕಿದರೂ ಸಿಗುತ್ತಿರಲಿಲ್ಲ. "ನಮ್ಮನೆಯವಳಿಗೆ ಹಳದಿ ಕಂಡ್ರೆ ಆಗಲ್ಲ" ಎನ್ನುತ್ತಿದ್ದ. "ಭಾರದ ಪಾತ್ರೆ ಬೇಡ, ಅವಳ ಮಣಿಕಟ್ಟು ನೋಯುತ್ತೆ" ಎನ್ನುತ್ತಿದ್ದ. ಹಳದಿಯ ಮೇಲಿನ ಸಿಟ್ಟು ಅವನ ಅಕ್ಕನದು, ಮಣಿಕಟ್ಟಿನ ನೋವು ಪಕ್ಕದ ಮನೆಯಾಕೆಯದು. ಅಲ್ಲಿಷ್ಟು ಇಲ್ಲಿಷ್ಟು ಆಯ್ದು ಒಬ್ಬಳನ್ನು ನಿಲ್ಲಿಸಿದ್ದ. ರೆಕಾರ್ಡರಿನಲ್ಲಿ ಅದನ್ನೆಲ್ಲ ಕೇಳಿ ನಕ್ಕು ಸುಸ್ತಾದ ಆಫೀಸಿನವರು ಅವನಿಗೆ 'ಸಂಸಾರಿ' ಎಂದು ಹೆಸರಿಟ್ಟರು. ಸಂಸಾರಿಯೂ ನಗುತ್ತಿದ್ದ. ಸಂಜೆ ಕೋಣೆಗೆ ಮರಳಿ, ಒಂದೇ ತಟ್ಟೆ ತೊಳೆದು, ಒಂದೇ ಲೋಟ ಬೋರಲು ಹಾಕುವಾಗ ಮಾತ್ರ ನಗು ಬರುತ್ತಿರಲಿಲ್ಲ. ದಿನವೆಲ್ಲ ಅಷ್ಟು ಮಾತಾಡಿದ ಬಾಯಿಗೆ ಅಲ್ಲಿ ಬೀಗ ಬೀಳುತ್ತಿತ್ತು.

ಆರ್ಕೇಡಿನ ಚಪ್ಪಲಿ ಮಳಿಗೆಗೆ ಅವನು ಮೊದಲ ಸಲ ಹೋದದ್ದು ಹೀಗೆ ಕೆಲಸದ ಮೇಲೆಯೇ. ಕೌಂಟರಿನಲ್ಲಿದ್ದಾಕೆ ಸ್ವಾಗತವನ್ನೂ ಹೇಳಲಿಲ್ಲ, ನಗಲೂ ಇಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, "ಯಾರಿಗೆ?" ಎಂದಳು.

"ಹೆಂಡತಿಗೆ. ಸಂಜೆಯಾದ್ರೆ ಅವಳ ಕಾಲು ಊದುತ್ತೆ."

ಅದು ಆ ಕ್ಷಣ ಬಾಯಿಗೆ ಬಂದದ್ದು. ಕಾಲು ಊದುತ್ತಿದ್ದದ್ದು ಅವನ ಅಮ್ಮನಿಗೆ. ಬಟ್ಟೆ ಗಿರಣಿಯಲ್ಲಿ ದಿನವಿಡೀ ನಿಂತು ಬಂದು, ಬಾಗಿಲಲ್ಲೇ ಕೂತು, ಚಪ್ಪಲಿಯ ಪಟ್ಟಿ ಬಿಡಿಸಲು ಮಗನನ್ನು ಕರೆಯುತ್ತಿದ್ದಳು.

ಅಂಗಡಿಯಾಕೆ ತೋರಿಸಲೆಂದು ತೆಗೆದಿದ್ದ ಜೋಡಿಯನ್ನು ಮತ್ತೆ ಡಬ್ಬಿಗೆ ಹಾಕಿದಳು. "ಹಾಗಾದ್ರೆ ಇವತ್ತು ಏನೂ ತಗೋಬೇಡಿ. ಸಂಜೆ ಹೊತ್ತು ಅವರನ್ನೇ ಕರ್ಕೊಂಡು ಬನ್ನಿ. ಊದಿರೋ ಕಾಲಿಗೇ ಅಳತೆ ನೋಡ್ಬೇಕು, ಇಲ್ದಿದ್ರೆ ಕಚ್ಚುತ್ತೆ. ಪಾಪ, ಅವ್ರು ಅನುಭವಿಸ್ಬೇಕು, ನಿಮಗೇನು?"

ಇನ್ನೊಂದು ವಸ್ತು ತೋರಿಸುವುದಿರಲಿ, ಇದ್ದ ವಸ್ತುವನ್ನೂ ಮಾರಲಿಲ್ಲ. ಸಂಸಾರಿ ನಿಯಮದಂತೆ ಸೊನ್ನೆ ಕೊಟ್ಟ. ಕೊಟ್ಟು, ಕೋಣೆಗೆ ಬಂದು, ಹಾಸಿಗೆಯ ಮೇಲೆ ಕೂತವನಿಗೆ ಆ "ನಿಮಗೇನು?" ಬಿಟ್ಟೂಬಿಡದೆ ಕೇಳಿಸಿತು. ಅವನನ್ನು ಯಾರಾದರೂ ಗದರಿ ವರ್ಷಗಳಾಗಿದ್ದವು.

ಮುಂದಿನ ರಜೆಯ ದಿನ ಅವನು ನಿಯಮ ಮುರಿದು ಮತ್ತೆ ಅಲ್ಲಿಗೆ ಹೋದ, ರೆಕಾರ್ಡರನ್ನು ಮನೆಯಲ್ಲೇ ಬಿಟ್ಟು. ಆಕೆ ಕತ್ತೆತ್ತಿ ನೋಡಿದವಳೇ, "ಕರ್ಕೊಂಡು ಬರ್ಲಿಲ್ವಾ? ಹೇಗಿದಾರೆ ಅವ್ರು?" ಎಂದಳು. ಅಷ್ಟೇ ಸಾಕಾಯಿತು. ಆಮೇಲೆ ರಜೆ ಬಂತೆಂದರೆ ಅವನ ಕಾಲು ತಾನಾಗಿ ಆರ್ಕೇಡಿನ ಕಡೆ ತಿರುಗುತ್ತಿತ್ತು. ಒಮ್ಮೆ ಶೂ ಲೇಸು, ಒಮ್ಮೆ ಪಾಲಿಶ್, ಒಮ್ಮೆ ಸುಮ್ಮನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆಕೆ ಸ್ಟೂಲು ಎಳೆದು ಕೊಡುತ್ತಿದ್ದಳು. ರಾತ್ರಿ ಕಾಲಡಿಗೆ ದಿಂಬು ಇಡ್ತೀರಾ? ಉಪ್ಪು ಕಮ್ಮಿ ಮಾಡಿದೀರಾ? ನೀರು ಬೆಚ್ಚಗೆ ಮಾಡಿ ಕೊಡ್ತೀರಾ, ಇಲ್ಲ ಅದನ್ನೂ ಅವರೇ ಮಾಡ್ಕೋಬೇಕಾ? ಅವನು ಎಲ್ಲಕ್ಕೂ ಉತ್ತರ ಕೊಡುತ್ತಿದ್ದ. ಹೆಂಡತಿ ಮೆಟ್ಟಿಲು ಇಳಿಯಲಾರಳು, ಅದಕ್ಕೇ ಬರುತ್ತಿಲ್ಲ ಎಂದು ಇನ್ನೊಂದು ಸುಳ್ಳು ಸೇರಿಸಿದ.

"ಹಾಗಾದ್ರೆ ಒಂದು ಹಾಳೆ ಮೇಲೆ ಅವರ ಪಾದ ಇಡಿಸಿ, ಸುತ್ತ ಗೆರೆ ಎಳ್ಕೊಂಡು ಬನ್ನಿ. ಸಂಜೆ, ನೆನಪಿರ್ಲಿ" ಎಂದಳು ಆಕೆ.

ಜಾಣನಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳಬೇಕಿತ್ತು. ಆದರೆ ನಮ್ಮ ಸಂಸಾರಿ ಆ ಸಂಜೆ ನೆಲದ ಮೇಲೆ ಹಾಳೆ ಹರಡಿ, ಪೆನ್ಸಿಲ್ ಹಿಡಿದು, ಕಣ್ಣು ಮುಚ್ಚಿ ಕೂತ. ಅಮ್ಮನ ಪಾದ ನೆನಪಾಯಿತು. ಬೆರಳುಗಳ ಬಳಿ ಅಗಲ, ಹೆಬ್ಬೆರಳ ಬುಡದಲ್ಲಿ ಗಂಟು, ಕಿರುಬೆರಳು ಒಳಗೆ ಮಡಚಿಕೊಂಡದ್ದು. ಹಾಗೇ ಗೆರೆ ಎಳೆದ, ಮುಂದಿನ ರಜೆಗೆ ಹಾಳೆಯನ್ನು ಅಂಗಡಿಯಾಕೆಯ ಕೈಗಿತ್ತ.

ವರ್ಷ ತುಂಬಿದ ಮೇಲೆ ಆಫೀಸಿನ ಮೇಲ್ವಿಚಾರಕಿ ಅವನನ್ನು ಕರೆದಳು. "ಸಂಸಾರಿಗಳೇ, ಹಳೇ ಆರ್ಕೇಡಿನ ಚಪ್ಪಲಿ ಮಳಿಗೆ ನೆನಪಿದೆಯಾ? ನೀವು ಸೊನ್ನೆ ಕೊಟ್ಟಿದ್ರಲ್ಲ. ಆಮೇಲೆ ಹೋದವರೂ ಅದನ್ನೇ ಕೊಟ್ಟಿದಾರೆ. ಕಂಪನಿಯವರು ಇನ್ನೊಂದೇ ಸಲ ನೋಡ್ತಾರಂತೆ. ಈ ಸಲವೂ ಹಾಗೇ ಆದ್ರೆ ಆಕೇನ ತೆಗೀತಾರೆ. ನಾಳೆ ನೀವೇ ಹೋಗ್ಬನ್ನಿ."

ಸುಳ್ಳು ಅಂಕ ಬರೆಯೋಣವೆಂದರೆ ರೆಕಾರ್ಡರಿನ ಬಾಯಿ ಮುಚ್ಚಿಸುವವರಾರು? ಅಂಕ ಬರಬೇಕಾದರೆ ಆಕೆಯ ಬಾಯಲ್ಲೇ ಆ ಮಾತುಗಳು ಬರಬೇಕು. ಬರಬೇಕಾದರೆ ಮೊದಲೇ ಹೇಳಿಕೊಡಬೇಕು. ಹೇಳಿಕೊಟ್ಟರೆ ತಾನು ಯಾರೆಂಬುದು ಬಯಲಾಗುತ್ತದೆ, ಹೆಂಡತಿ ಇಲ್ಲವಾಗುತ್ತಾಳೆ. ಸುಮ್ಮನಿದ್ದರೆ ಆಕೆಯ ಅನ್ನಕ್ಕೆ ಕಲ್ಲು. ಮಧ್ಯಾಹ್ನದ ಊಟ ಹಾಗೇ ಬಿಟ್ಟು ಆರ್ಕೇಡಿಗೆ ಓಡಿದ.

"ರಜಾ ಇಲ್ದೆ ಬಂದಿದೀರಿ? ಅವ್ರು ಹುಷಾರಾಗಿದಾರೆ ತಾನೇ?" ಆಕೆಯ ಮುಖ ಕಳೆಗುಂದಿತು.

ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಏನು ಕೆಲಸ, ನಾಳೆ ಏನಾಗಲಿದೆ, ಯಾವ ಯಾವ ಮಾತಿಗೆ ಅಂಕ. ಆಕೆ ಕೈಲಿದ್ದ ಶೂವನ್ನು ಬಟ್ಟೆಯಿಂದ ಉಜ್ಜುತ್ತಲೇ ಕೇಳಿದಳು.

"ಮೊದಲು ಸೊನ್ನೆ ಕೊಟ್ಟೋರೂ ನೀವೇನಾ?"

"ಹೌದು."

"ಹೋಗ್ಲಿ, ಅದು ನಿಮ್ಮ ಕೆಲಸ." ಶೂ ಕೆಳಗಿಟ್ಟಳು. "ಹಾಗಾದ್ರೆ ನಿಮ್ಮನೆಯವ್ರು?"

"ಇಲ್ಲ."

"ಇಲ್ಲ ಅಂದ್ರೆ?"

"ಯಾವತ್ತೂ ಇರ್ಲಿಲ್ಲ."

ಆಕೆ ಕೌಂಟರಿನ ಕೆಳಗೆ ಬಗ್ಗಿ ಒಂದು ಡಬ್ಬಿ ತೆಗೆದಳು. ಒಳಗೆ ಮೆತ್ತನೆಯ ಕಂದು ಚಪ್ಪಲಿ, ಪಟ್ಟಿಗಳನ್ನು ಬಿಚ್ಚಿ ಅಗಲ ಮಾಡಿ ಮತ್ತೆ ಹೊಲಿದದ್ದು. ಹೆಬ್ಬೆರಳ ಬುಡಕ್ಕೆ ತೆಳುವಾದ ಸ್ಪಂಜು ಅಂಟಿಸಿತ್ತು. ಅದರಡಿ ಅವನದೇ ಹಾಳೆ, ನಾಲ್ಕು ಮಡಿಕೆಯಲ್ಲಿ.

"ಇದು ಯಾರ ಪಾದ ಮತ್ತೆ?"

"ನಮ್ಮಮ್ಮಂದು. ನೆನಪಿಂದ ಬರೆದೆ. ಅಮ್ಮ ಹೋಗಿ ಬಹಳ ವರ್ಷ ಆಯ್ತು."

ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

"ನಾನು ಬಸ್ಸಲ್ಲಿ ಹೋಗ್ತಾ ಅವರ ಹತ್ರ ಮಾತಾಡ್ತಿದ್ದೆ, ಗೊತ್ತಾ? ಮನಸ್ಸಲ್ಲೇ. ಇವತ್ತು ನಂಗೂ ಕಾಲು ನೋವು ಕಣ್ರೀ ಅಂತ. ಮನೇಲಿ ಹೇಳ್ಕೊಳ್ಳೋಕೆ ನಂಗ್ಯಾರಿದಾರೆ? ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಅವ್ರನ್ನ ಯಾಕೆ ಕರ್ಕೊಂಡು ಬಂದ್ರಿ ನೀವು?"

ಸುಳ್ಳಿನ ಹೆಂಡತಿ ತನ್ನೊಬ್ಬನವಳೇ ಎಂದು ಅವನು ತಿಳಿದಿದ್ದ. ಇನ್ನೊಬ್ಬರಿಗೂ ಅವಳು ಬೇಕಾಗಿದ್ದಳು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಆಕೆ ಡಬ್ಬಿಯ ಮುಚ್ಚಳ ಹಾಕಿ, "ನಾಳೆ ಬನ್ನಿ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದಳು.

ಮರುದಿನ ಅವನು ಹೊರಗೆ ನಿಂತು ರೆಕಾರ್ಡರಿನ ಗುಂಡಿ ಒತ್ತಿ, ಬಾಗಿಲು ತಳ್ಳಿದ.

"ಸ್ವಾಗತ ಸರ್! ನಮ್ಮ ಮಳಿಗೆಗೆ ಬಂದಿದ್ದಕ್ಕೆ ಸಂತೋಷ." ಆಕೆ ನಗುತ್ತಿದ್ದಳು. ಆ ನಗುವನ್ನು ಅವನು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಸ್ಟೂಲು ಗೋಡೆಗೆ ಒರಗಿತ್ತು. "ಯಾರಿಗೆ ಬೇಕಿತ್ತು ಸರ್?"

"ಹೆಂಡತಿಗೆ" ಎಂದ. "ಸಂಜೆಯಾದ್ರೆ ಅವಳ ಕಾಲು ಊದುತ್ತೆ."

ಆಕೆ ಕಪಾಟಿನಿಂದ ಹೊಸದೊಂದು ಜೋಡಿ ತೆಗೆದಳು. ಬಿಗಿಯಾದ ಪಟ್ಟಿ, ಹೊಳೆಯುವ ಬಕಲು. "ಇದು ತುಂಬಾ ಚೆನ್ನಾಗಿ ಹೋಗ್ತಿದೆ ಸರ್. ಜೊತೆಗೆ ಈ ಕಾಲ್ಚೀಲಾನೂ ನೋಡಿ. ಅವರ ಅಳತೆ ಗೊತ್ತಾ?"

"ಗೊತ್ತಿಲ್ಲ" ಎಂದ ಅವನು.

ಹೇಳಿ ಕಾದ. ಇವತ್ತು ಏನೂ ತಗೋಬೇಡಿ, ಸಂಜೆ ಅವರನ್ನೇ ಕರ್ಕೊಂಡು ಬನ್ನಿ. ಆ ಒಂದು ಮಾತು ಬಂದರೆ ಸಾಕಿತ್ತು. ಬಂದರೆ ಆಕೆಯ ಕೆಲಸ ಹೋಗುತ್ತದೆಂದು ಗೊತ್ತಿತ್ತು, ಆದರೂ ಅವನ ಮೈಯೆಲ್ಲ ಅದಕ್ಕಾಗಿ ಕಿವಿಯಾಗಿತ್ತು. ಆಕೆಯ ತುಟಿ ಒಮ್ಮೆ ಬಿಚ್ಚಿಕೊಂಡಿತು. ಕಣ್ಣು ಅವನ ಮುಖದಿಂದ ಅವನ ಜೇಬಿಗೆ ಇಳಿಯಿತು.

"ನಮ್ಮ ಮೆಂಬರ್‌ಶಿಪ್ ಕಾರ್ಡ್ ಇದೆಯಾ ಸರ್?"

"ಇಲ್ಲ."

"ಒಂದು ಮಾಡಿಸ್ಕೊಳ್ಳಿ, ಮುಂದಿನ ಸಲ ಬಂದಾಗ ಅನುಕೂಲ" ಎಂದಳು ಆಕೆ, ನಗುತ್ತಲೇ. ನಗುವುದಕ್ಕೂ ಅಂಕವಿತ್ತು, ಅವನು ಕೊಟ್ಟ.