ಮಿಸ್ ವರ್ಡೆಲ್ ಹೇಳಿದ್ದು

"ವರ್ಡೆಲ್, ಆ ಟೋಪಿ ತೆಗೆದುಬಿಡು. ಫೋಟೋದಲ್ಲಿ ನಿನ್ನ ಮುಖಾನೇ ಕಾಣಲ್ಲ," ಎಂದಳು ಪ್ರತಿಷ್ಠಾನದ ಕ್ಲೇರ್ ಹ್ಯಾಡ್ಲಿ.

ವರ್ಡೆಲ್ ನನ್ನ ದೊಡ್ಡಮ್ಮ, ವಯಸ್ಸು ಎಂಬತ್ತೊಂದು. ಬಿಳಿಯಳಾದ ಕ್ಲೇರ್‌ಗೆ ನಲವತ್ತೂ ಇರಲಾರದು. ನಮ್ಮ ಚರ್ಚಿನಲ್ಲಿ ಪಾದ್ರಿ ಕೂಡ ಅವಳನ್ನು ಮಿಸ್ ವರ್ಡೆಲ್ ಎಂದೇ ಕರೆಯುವುದು. ಬರಿಯ ಹೆಸರು ಹಿಡಿದು ಕರೆಯುತ್ತಿದ್ದವರು ಅವಳು ಹಿಂದೆ ಬಟ್ಟೆ ಒಗೆಯುತ್ತಿದ್ದ ಮನೆಗಳ ಬಿಳಿಯರು ಮಾತ್ರ. ಭಾನುವಾರದ ನೇರಳೆ ಟೋಪಿಯ ಸೂಜಿ ಬಿಚ್ಚಿ, ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಬೆವರಿಗೆ ನರೆಗೂದಲು ಒಂದು ಕಡೆ ನೆತ್ತಿಗೆ ಅಂಟಿಕೊಂಡಿತ್ತು. ಕ್ಯಾಮೆರಾದವನು ನಾಲ್ಕು ಸಲ ತೆಗೆದ. ನಾನು ಮೈಕಿನ ವೈರು ಸರಿಮಾಡುವ ನೆಪದಲ್ಲಿ ಬಗ್ಗಿದೆ.

ಪ್ರತಿಷ್ಠಾನದವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನಾನು ಕರಿಯಳೆಂದು, ಕಾಲೇಜು ಓದಿದವಳೆಂದು, ದಕ್ಷಿಣ ಮೆಂಫಿಸ್‌ನ ಇದೇ ಕಾರ್ವಿನ್ ಬೀದಿಯಲ್ಲಿ ಬೆಳೆದವಳೆಂದು. 'ಬಣ್ಣದ ಬಗ್ಗೆ ಮಾತಾಡೋಣ' ಎಂಬ ಅವರ ಸಭೆಗಳಿಗೆ ಬೀದಿಯವರನ್ನು ಕರೆತರುವುದು, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ ಬರೆದುಕೊಡುವುದು ನನ್ನ ಕೆಲಸ. ಚರ್ಚಿನ ನೆಲಮಾಳಿಗೆಯಲ್ಲಿ ಹೀಗೆ ಐದು ಸಂಜೆ ಕೂತಿದ್ದೆವು. ಪ್ರತಿ ಸಲವೂ ಕರಿದ ಮೀನು, ಸೊಪ್ಪು, ಕೇಕು.

"ಸುಮ್ ಸುಮ್ನೆ ಯಾರಾದ್ರೂ ಮೀನು ತಿನ್ನುಸ್ತಾರೇನೇ ಜೊನೆಲ್? ನಾವೇ ಕಣೇ ಮೀನು," ಎಂದಿದ್ದ ದೊಡ್ಡಮ್ಮನ ಪಕ್ಕದ ಮನೆಯ ಲೂಷಿಯಸ್ ಮಾಮ, ಮೂರನೇ ತುಂಡು ಬಾಯಿಗಿಡುತ್ತ. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

ಇವತ್ತಿನದು ಕೊನೆಯ ಸಭೆ. ಮುಂದಿನ ಸಾಲಿನಲ್ಲಿ ಊರಿನ ದೊಡ್ಡವರು. ಕ್ಲೇರ್ ಮೇಜಿನ ಮೇಲಿನ ಬಟ್ಟೆ ಸರಿಸಿದಳು. 'ಸೌಹಾರ್ದ ಉದ್ಯಾನ'ದ ಮಾದರಿ. ಪುಟ್ಟ ಮರಗಳು, ಬೆಂಚುಗಳು, ಕೈ ಕೈ ಹಿಡಿದು ನಿಂತ ಬೆರಳುದ್ದದ ಬಿಳಿ ಗೊಂಬೆ, ಕರಿ ಗೊಂಬೆ. ಚಪ್ಪಾಳೆ ಬಿತ್ತು.

ದೊಡ್ಡಮ್ಮ ಎದ್ದು ಮೇಜಿನ ಬಳಿ ಹೋದಳು. ಮೊದಲು ಚರ್ಚನ್ನು ಗುರುತು ಹಿಡಿದಳು. ಅಲ್ಲಿಂದ ಬೆರಳಿನಲ್ಲಿ ಒಂದೊಂದೇ ಮನೆಯ ಜಾಗ ಸವರುತ್ತ ಬಂದವಳು ನಿಂತಳು.

"ಇದೇನವ್ವಾ, ನೀಲೀಗದೆ?"

"ಕೊಳ. ಸುತ್ತ ಕೂತು ಜನ ಧ್ಯಾನ ಮಾಡಬಹುದು."

"ಅದು ನನ್ ಅಡಿಗೆಮನೆ ಕಣಮ್ಮಾ."

ಕ್ಲೇರ್ ಅವಳ ಭುಜದ ಮೇಲೆ ಕೈಯಿಟ್ಟಳು. "ನಿನ್ನ ಮನೆ ಮಾಲೀಕರು ಜನವರಿಯಲ್ಲೇ ನಮಗೆ ಮಾರಿದಾರೆ ವರ್ಡೆಲ್. ಹನ್ನೊಂದು ಮನೆಯವರಿಗೂ ಅರವತ್ತು ದಿನ ಟೈಮ್ ಇದೆ. ಬೇರೆ ಕಡೆ ಮನೆ ಹುಡುಕೋಕೆ ನಾವೇ ಸಹಾಯ ಮಾಡ್ತೀವಿ."

"ನಲವತ್ತಾರ್ ವರ್ಷದಿಂದ ಅಲ್ಲಿವ್ನಿ. ನನ್ನೊಂದ್ ಮಾತು ಕೇಳುದ್ರಾ?"

"ಕೇಳಿದ್ವಲ್ಲ! ನಿನ್ನ ಮಾತೇ ನಮಗೆ ದಾರಿ ತೋರಿಸಿದ್ದು." ಕ್ಲೇರ್ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ದೊಡ್ಡಮ್ಮನ ಆಳೆತ್ತರದ ಚಿತ್ರ, ಅದರಡಿ ದಪ್ಪ ಅಕ್ಷರಗಳು.

"ಕನ್ನಡಕ ತಂದಿಲ್ಲ. ನೀನೇ ಓದೇ, ಜೊನೆಲ್."

ಓದಿದೆ. "ಹೆದ್ದಾರಿಗಾಗಿ ಒಮ್ಮೆ ನಾವು ಮನೆ ತೆರವು ಮಾಡಿದೆವು. ನೋವಾಯಿತು. ಆದರೆ ಬಿಟ್ಟುಕೊಡುವುದನ್ನೂ ಕಲಿತೆವು."

"ಇನ್ನೊಂದ್ಸಲ ಓದು."

ಓದಿದೆ.

"ಇಂಗಂದ್ನಾ ನಾನು?"

ಏಪ್ರಿಲ್‌ನಲ್ಲಿ ಅವಳ ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡವಳು ನಾನೇ. ಟೈಪ್ ಮಾಡಿದವಳೂ ನಾನೇ. ಅವಳು 'ಕಿತ್ಕಂಡ್ರು' ಎಂದಿದ್ದಳು, ನಾನು 'ತೆರವು' ಎಂದು ಬರೆದೆ. ಬೈಗುಳಗಳನ್ನು ತೆಗೆದೆ. ಅವಳ ಮರ್ಯಾದೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊನೆಯ ಸಾಲು ಮಾತ್ರ ನನ್ನದಲ್ಲ, ಕ್ಲೇರ್ ಸೇರಿಸಿದ್ದು. ಮೂರು ವಾರದ ಹಿಂದೆ ಅದು ನನ್ನ ಮೇಜಿಗೆ ಬಂದಾಗ ಜೊತೆಯಲ್ಲಿ ಉದ್ಯಾನದ ನಕ್ಷೆಯೂ ಇತ್ತು. ನೋಡಿದೆ. ಒಂದು ಅಲ್ಪವಿರಾಮ ತಿದ್ದಿ ವಾಪಸು ಕಳಿಸಿದೆ.

"ಭಾವಾರ್ಥ ಅದೇ ಅಲ್ವಾ, ಜೊನೆಲ್?" ಕ್ಲೇರ್ ಮೆಲ್ಲಗೆ ಕೇಳಿದಳು.

"ಹೇಳು ತಾಯಿ, ಕಾಲೇಜಿನೋಳೇ," ಎಂದ ಲೂಷಿಯಸ್ ಮಾಮ. "ಮೀನು ಬಡ್ಸುವಾಗ ಬಾಯಿತ್ತಲ್ಲ?"

ದೊಡ್ಡಮ್ಮ ಬೈಯಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು. ಬೈದಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

ಚೀಲದಿಂದ ಫೋನ್ ತೆಗೆದೆ. ಏಪ್ರಿಲ್‌ನ ರೆಕಾರ್ಡಿಂಗ್ ಇನ್ನೂ ಇತ್ತು. ಅಳಿಸಲು ಹೇಳಿದ್ದರು, ಅಳಿಸಿರಲಿಲ್ಲ. ಅದನ್ನು ಹಾಕಿ ಮೈಕಿಗೆ ಹಿಡಿದೆ.

ಮೊದಲು ಸೊಪ್ಪು ಕುದಿಯುವ ಸದ್ದು, ಸೌಟಿನ ಸದ್ದು. ಆಮೇಲೆ ಅವಳ ದನಿ ನೆಲಮಾಳಿಗೆಯನ್ನು ತುಂಬಿತು.

"ಕಿತ್ಕಂಡ್ರು ಕಣೇ, ಮುಂಡೇಮಕ್ಳು! ನಮ್ಮಪ್ಪ ಇಟ್ಟಿಗೆ ಹೊತ್ತು ಕಟ್ಟಿದ್ ಮನೆ. ಅವರ ಕಾರು ಓಡ್ಲಿ ಅಂತ ಕಿತ್ಕಂಡ್ರು. ಆಗ ನಂಗೆ ಹದ್ನಾರು. ಬಾಯ್ ಮುಚ್ಕಂಡು ಮಂಚ ಹೊತ್ಕಂಡು ಹೊಂಟೆ. ಇನ್ನೊಂದ್ಸಲ ಯಾವ ಬೋಳೀಮಗ ಬಂದ್ರೂ ಈ ಹೊಸ್ಲು ಬಿಟ್ಟು ಕದಲಾಕಿಲ್ಲ..."

"ಜೊನೆಲ್, ಆಫ್ ಮಾಡು. ಈಗಲೇ," ಎಂದಳು ಕ್ಲೇರ್. ಮುಂದಿನ ಸಾಲಿನವರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಯಾಕೆ? ಪೂರ್ತಿ ಕೇಳ್ಲಿ," ಎಂದಳು ದೊಡ್ಡಮ್ಮ.

ಸ್ಪೀಕರಿನಲ್ಲಿ ಅವಳು ಕೆಮ್ಮಿದಳು. "ಏನೇ, ಇದನ್ನೂ ಬರೀತೀಯಾ?"

ಹಿಂದೆಯೇ ನನ್ನ ದನಿ, ನಯವಾಗಿ, ಕಡೆಯ ಸಾಲಿಗೂ ಕೇಳುವಷ್ಟು ಸ್ಪಷ್ಟವಾಗಿ:

"ಹೂಂ ದೊಡ್ಡಮ್ಮ. ನೀನು ಹೇಳಿದ ಹಾಗೇ. ಒಂದಕ್ಷರ ಬಿಡಲ್ಲ."